ಏಳು ಕಾಸಿನಲ್ಲಿ ನಮ್ಮದೊಂದು

ನಮ್ಮ ಮನೆಯಲ್ಲಿ ಒಬ್ಬ ಡಿಗ್ರಿ ಮುಗಿಸುವುದು ಆಗುವ ಮಾತೇ ಅಲ್ಲ ಎಂದವರು ನನ್ನ ಚಿಕ್ಕಪ್ಪ. ಹನೂರಿನ ಆಚೆ, ಕಾಡಂಚಿನ ನಮ್ಮೂರಿನ ಜಗಲಿಯ ಮೇಲೆ ಕೂತು ನಾಲ್ಕು ಜನ ಕೇಳುವ ಹಾಗೆ ಹೇಳಿದ್ದರು: "ಈ ಹೈದ ಬಿಎ ಮುಗ್ಸಾದೂ ಒಂದೇ, ನಮ್ಮ ಕರೇ ಎಮ್ಮೆ ಬಸ್ಸತ್ತಿ ಕೊಳ್ಳೇಗಾಲ ನೋಡ್ಕ ಬರಾದೂ ಒಂದೇ."

ಅವರದು ತಪ್ಪು ಎನ್ನಲಾರೆ. ಅದುವರೆಗೆ ನಮ್ಮವರಲ್ಲಿ ಎಸ್ಸೆಸ್ಸೆಲ್ಸಿ ದಾಟಿದವರೇ ಇರಲಿಲ್ಲ. ನಾನು ಪಿಯುಸಿಯಲ್ಲಿ ಇಂಗ್ಲಿಷಿಗೆ ಡುಮ್ಕಿ ಹೊಡೆದೆ, ಬಿಎಯಲ್ಲಿ ಮತ್ತೆ ಹೊಡೆದೆ. ರಜೆ ಬಂದರೆ ಸತ್ತೇಗಾಲದ ಕಡೆ ಕಬ್ಬು ಕಡಿಯಲು ಹೋಗುತ್ತಿದ್ದೆ. ಹಾಗೂ ಹೀಗೂ ಪಾಸಾದೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಹೆಮ್ಮೆಯೇ ಇದೆ. ಈಗ ಹನೂರಿನ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು. ಮನೆ ಕೊಳ್ಳೇಗಾಲದಲ್ಲಿ.

ಆದರೆ ನಾನು ಪಾಸಾದದ್ದು ಓದಿನಿಂದ ಎಂದು ನನ್ನ ಅಕ್ಕ ಇವತ್ತಿಗೂ ಒಪ್ಪುವುದಿಲ್ಲ. ಅವಳ ಪ್ರಕಾರ ನನ್ನನ್ನು ಪಾಸು ಮಾಡಿಸಿದ್ದು ಒಂದು ತೂತು ಕಾಸು.

ಬ್ರಿಟಿಷರ ಕೊನೆಗಾಲದ ಕಾಸು ಅದು. ನಡುವೆ ದೊಡ್ಡ ತೂತು, ಸುತ್ತ ಬಳೆಯಂತೆ ತೆಳು ಅಂಚು. ಅಂಗಡಿಯಲ್ಲಿ ನಡೆಯುವುದು ನಿಂತ ಮೇಲೂ ನಮ್ಮ ಕಡೆ ಅದಕ್ಕೆ ಕೆಲಸ ತಪ್ಪಲಿಲ್ಲ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಸೊಂಟಕ್ಕೆ ಕಟ್ಟುವ ಕರಿ ಉಡಿದಾರಕ್ಕೆ ಅದನ್ನು ಪೋಣಿಸುತ್ತಾರೆ. ಕೂಸು ಬೆಚ್ಚುವುದಿಲ್ಲ, ದೃಷ್ಟಿ ತಾಕುವುದಿಲ್ಲ ಎಂದು ನಂಬಿಕೆ. ನಮ್ಮ ಕಾಸನ್ನು ಅವ್ವ ತವರಿನಿಂದ ತಂದಿದ್ದಳು. ಕೂಸಾಗಿದ್ದಾಗ ಅವಳು ಕಟ್ಟಿಕೊಂಡಿದ್ದೇ ಅದು. ಆಮೇಲೆ ಅಕ್ಕ ಕಟ್ಟಿಕೊಂಡಳು, ನಾನು ಕಟ್ಟಿಕೊಂಡೆ. ಅಕ್ಕ ಮಾಂಬಳ್ಳಿಗೆ ಮದುವೆಯಾಗಿ ಹೋದ ಮೇಲೆ ಅವಳ ಮಗ ಕಟ್ಟಿಕೊಂಡ.

ಬಿಎಯಲ್ಲಿ ನಾನು ಫೇಲಾಗಿ ಮತ್ತೆ ಪರೀಕ್ಷೆಗೆ ಕೂರುವ ಹೊತ್ತಿಗೆ ಅಕ್ಕ ಊರಿಗೆ ಬಂದಳು. ಮಗನ ಉಡಿದಾರದಿಂದ ಕಾಸು ಬಿಚ್ಚಿ ನನ್ನ ಜೇಬಿಗೆ ಹಾಕಿದಳು. "ಜ್ವಾಪಾನ ಕಣ್ಲಾ. ಇದು ನಿಂದೂ ಅಲ್ಲ, ನಂದೂ ಅಲ್ಲ. ನನ್ ಮಗುನ್ಗೆ ಕೂಸಾದಾಗ ವಾಪಸ್ ಕೊಡ್ಬೇಕು" ಎಂದಳು. ಸಿಂಬಳ ಸುರಿಸಿಕೊಂಡು ಬರಿಮೈಯಲ್ಲಿ ನಿಂತಿದ್ದ ಆ ಮಗನಿಗೆ ಕೂಸಾಗುವುದೆಂದರೆ ನನಗೆ ನಗು ಬಂದಿತ್ತು.

ಪಾಸಾದ ಮೇಲೆ ಆ ಕಾಸನ್ನು ಬಿಸ್ಕತ್ತಿನ ಡಬ್ಬದಲ್ಲಿಟ್ಟೆ. ಒಂದೇ ಇದೆಯಲ್ಲ, ಜೊತೆಗೆ ಇನ್ನೊಂದಿರಲಿ ಎಂದು ಹುಡುಕಲು ಹೊರಟವನು ನಿಲ್ಲಲಿಲ್ಲ. ಕೊಳ್ಳೇಗಾಲದ ಗುಜರಿ ಅಂಗಡಿಗಳಲ್ಲಿ ಕೆದಕಿದೆ, ಮಲೆ ಮಹದೇಶ್ವರ ಬೆಟ್ಟಕ್ಕೆ ಹೋದಾಗಲೆಲ್ಲ ಅಂಗಡಿಯವರನ್ನು ಕೇಳಿದೆ. ಮೈಸೂರು ಮಹಾರಾಜರ ಕಾಲದ ಸಣ್ಣ ಕಾಸು, ಅರ್ಧಾಣೆ, ಹೂವಿನಂತೆ ಅಂಚಿರುವ ಹತ್ತು ಪೈಸೆ, ಎಲ್ಲ ಬಂದು ಸೇರಿದವು. ಸಂಬಳ ಶುರುವಾದ ಮೇಲೆ ಹುಚ್ಚು ಇನ್ನೂ ಹೆಚ್ಚಿತು. ಒಂದು ದೀಪಾವಳಿಗೆ ಹೆಂಡತಿ ಹಿತ್ತಾಳೆ ಪಾತ್ರೆಗಳಿಗೆ ಹುಣಸೆಹಣ್ಣು ನೆನೆಹಾಕಿದ್ದಳು. ಕಾಸನ್ನೂ ಬೆಳಗೋಣ ಎಂದು ನಾನೂ ಕೂತೆ. ಹುಳಿ ಹಚ್ಚಿ ಉಜ್ಜಿ, ಬಿಸಿಲಿಗೆ ಒಣಗಿಸಿ, ಹೊಸ ಆಲ್ಬಮ್ಮಿನಲ್ಲಿ ಇಸವಿ ಪ್ರಕಾರ ಜೋಡಿಸಿದೆ. ಫಳಫಳ ಹೊಳೆಯುತ್ತಿದ್ದವು. ಅವತ್ತು ಬಂದ ನೆಂಟರಿಗೆಲ್ಲ ತೋರಿಸಿದೆ.

ಈ ವರ್ಷ ನಾನು ಓದಿದ ಕಾಲೇಜಿನಲ್ಲಿ ಹಳೆಯ ವಸ್ತುಗಳ ಪ್ರದರ್ಶನ ಮಾಡುತ್ತೇವೆ, ನಿಮ್ಮ ನಾಣ್ಯಗಳನ್ನು ಕೊಡಿ ಎಂದು ಕೇಳಿದರು. ಜೊತೆಗೊಂದು ಪಟ್ಟಿ ಬೇಕಂತೆ: ಕ್ರಮಸಂಖ್ಯೆ, ಲೋಹ, ಇಸವಿ, ಸ್ಥಿತಿ, ಎಲ್ಲಿಂದ ಬಂದದ್ದು. ಎರಡು ಸಲ ಫೇಲಾದ ಕಾಲೇಜಿನವರೇ ಕರೆದು ಕೇಳುತ್ತಿದ್ದಾರೆ ಎಂಬ ಬಿಗುಮಾನದಲ್ಲಿ ಒಂದು ಭಾನುವಾರ ನಡುಮನೆಯ ತುಂಬ ಕಾಸು ಹರಡಿಕೊಂಡು ಕೂತಿದ್ದೆ. ಅಷ್ಟರಲ್ಲಿ ಮಾಂಬಳ್ಳಿಯಿಂದ ಅಕ್ಕ ಬಂದಳು.

"ಏನ್ಲಾ ಮೇಷ್ಟ್ರೇ, ಕಾಲಿಡಕೂ ಜಾಗ ಇಲ್ದಂಗೆ ಅಂಗ್ಡಿ ಆಕ್ಕಂಡು ಕುಂತಿದ್ದೀಯೆ?"

"ಲಿಸ್ಟ್ ಮಾಡ್ತಾ ಇದ್ದೀನಿ ಕಣಕ್ಕ. ಕಾಲೇಜಲ್ಲಿ ಇಡ್ತಾರಂತೆ."

"ಮಡಗ್ಲಿ ಬುಡು. ನಾನು ಬಂದದ್ದು ನಮ್ಮ ಕಾಸ್ಗೆ. ನಾಳೆ ಸೋಮಾರ ಕೂಸ ತೊಟ್ಲಿಗಾಕ್ತೀವಿ. ದಾರ ನಾನೇ ಒಸೆದು ತಂದಿವ್ನಿ, ಪೋಣ್ಸಿ ಕೊಟ್ಬುಡು."

ಅಕ್ಕನ ಮಗನಿಗೆ ಹೆಣ್ಣು ಕೂಸಾಗಿತ್ತು. ನನಗೆ ಗೊತ್ತಿತ್ತು, ಆಸ್ಪತ್ರೆಗೆ ಹೋಗಿ ನೋಡಿಕೊಂಡೂ ಬಂದಿದ್ದೆ. ಕಾಸು ಕೊಡಬೇಕೆಂಬುದೂ ನೆನಪಿತ್ತು. ಹುರುಪಿನಿಂದಲೇ ಆಲ್ಬಮ್ ಎಳೆದುಕೊಂಡು ತೂತು ಕಾಸಿನ ಹಾಳೆ ತೆಗೆದೆ. ಏಳು ಕಾಸು ಸಾಲಾಗಿ ಹೊಳೆಯುತ್ತಿದ್ದವು. ಕೈ ಹಾಕಿದವನು ಅಲ್ಲೇ ನಿಂತೆ. ಏಳೂ ಒಂದೇ ಥರ ಇದ್ದವು.

ಒಂದೊಂದಾಗಿ ಬಿಡಿಸಿ ಅಕ್ಕನ ಅಂಗೈ ಮೇಲೆ ಇಟ್ಟೆ.

"ಯಾಕ್ಲಾ ಇವು ಇಂಗೆ ಮಿಂಚ್ತವೆ? ನಮ್ದು ಕರ್ರಗಿತ್ತಲ್ಲ."

"ತೊಳ್ದೆ ಕಣಕ್ಕ."

"ಏನಾಕಿ ತೊಳ್ದೆ?"

"ಹುಣಸೆಹಣ್ಣು."

"ಮಿಕ್ಕವ ತೊಳ್ಕಳಪ್ಪ, ಬ್ಯಾಡ ಅಂದೋರ್ಯಾರು? ನಮ್ದ ಯಾಕ್ ತೊಳ್ದೆ?"

ನಾಲ್ಕು ಕೂಸುಗಳ ಮೈಗೆ ಹಚ್ಚಿದ ಹರಳೆಣ್ಣೆ ಆ ಕಾಸಿನ ತೂತಿನ ಸುತ್ತ ಕೂತು ಕರಿ ಮೇಣದಂತೆ ಗಟ್ಟಿಯಾಗಿತ್ತು. ಅದೊಂದೇ ಅದರ ಗುರುತು. ನಾನು ಅದನ್ನು ಕೊಳೆ ಎಂದುಕೊಂಡು ಉಗುರಿನಿಂದ ಕೆರೆದು ತೆಗೆದಿದ್ದೆ.

ಅಕ್ಕ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದಳು. ಕಿರುಬೆರಳ ತುದಿ ತೂತಿಗೆ ತೂರಿಸಿ ನೋಡಿದಳು. ಮೂಸಿ ಕೂಡ ನೋಡಿದಳು. ಗೊತ್ತಾಗಲಿಲ್ಲ.

"ಇದ್ರಲ್ಲಿ ಇಸ್ವಿ ಬರ್ದಿರ್ತದಲ್ಲ. ನಮ್ದ್ರಲ್ಲಿ ಏನಿತ್ತು ಯೋಳು. ನೀನು ಓದಿದೋನು."

ನಾನು ನೋಡಿರಲಿಲ್ಲ. ಮಕ್ಕಳಿಗೆ ಇಸವಿ ಬಾಯಿಪಾಠ ಮಾಡಿಸಿ ಸಂಬಳ ತಗೊಳ್ಳುವವನು ನಾನು. ಪರೀಕ್ಷೆ ಮುಗಿಯುವವರೆಗೂ ಆ ಕಾಸನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿದ್ದೆ, ಬರೆಯಲು ತೋಚದಿದ್ದಾಗ ಬೆರಳಲ್ಲಿ ಹೊರಳಿಸಿದ್ದೆ. ಅದರ ಮೇಲೇನಿದೆ ಎಂದು ಒಂದು ಸಲವೂ ಓದಲಿಲ್ಲ. ಓದು ಬಾರದ ಅಕ್ಕ ಓದಿಲ್ಲವೆಂದರೆ ಅದು ಬೇರೆ.

ಏನಾದರೂ ಹೇಳಬೇಕಲ್ಲ ಎಂದು, "ಏಳನ್ನೂ ಕಟ್ಬಿಡಕ್ಕ. ಅದ್ರಲ್ಲಿ ನಮ್ದೊಂದು ಇದ್ದೇ ಇರುತ್ತೆ" ಎಂದೆ.

ಅಕ್ಕ ನಕ್ಕಳು. "ಅದು ಕೂಸು ಕಣ್ಲಾ, ಗಾಡಿ ಎತ್ತಲ್ಲ. ಮಗ್ಗುಲಾದ್ರೆ ಬೀದಿಗೆಲ್ಲ ಜಣಜಣ ಅಂದಾತು." ನಗುತ್ತಲೇ ಕೇಳಿದಳು: "ಮಿಕ್ಕ ಆರು ಯಾರ್ ಯಾರ್ ಕೂಸಿನ ಸೊಂಟದ್ದು?"

"ಯಾರಿಗ್ಗೊತ್ತು. ಗುಜರೀಲಿ ಸಿಕ್ಕಿದ್ದು, ಬೆಟ್ಟದಲ್ಲಿ ಸಿಕ್ಕಿದ್ದು."

"ಕೂಸು ಬೆಳೆದ ಮ್ಯಾಲೆ ಬಿಚ್ಚಿದ್ದೋ, ಅದ್ಕೂ ಮುಂಚೆ ಬಿಚ್ಚಿದ್ದೋ?"

ಬೆಳೆದ ಕೂಸಿನ ಕಾಸು ಮನೆಯಲ್ಲೇ ಉಳಿಯುತ್ತದೆ, ಮುಂದಿನ ಕೂಸಿಗೆ ಬೇಕಲ್ಲ. ಬೆಳೆಯದೆ ಹೋದ ಕೂಸಿನದನ್ನು ಯಾರೂ ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ, ನಾನೂ ಆ ಊರಿನವನೇ. ಇಷ್ಟು ವರ್ಷ ಗುಜರಿಯವನ ತಕ್ಕಡಿಯಿಂದ ಎತ್ತಿಕೊಳ್ಳುವಾಗ ಯೋಚಿಸಿರಲಿಲ್ಲ, ಅಷ್ಟೆ. ಸಿಕ್ಕಿತಲ್ಲ ಎಂದು ಖುಷಿಪಟ್ಟು ಮನೆಗೆ ತಂದಿದ್ದೆ.

ಅಕ್ಕ ಕಾಸುಗಳನ್ನು ನೆಲದ ಮೇಲಿಟ್ಟು ಕೈ ತೊಳೆದುಕೊಂಡಳು. ಬೈಯಲಿಲ್ಲ. ಮುದ್ದೆ ಉಂಡು, ನನ್ನ ಹೆಂಡತಿ ಕೊಟ್ಟ ಎಲೆಅಡಿಕೆ ಹಾಕಿಕೊಂಡು, ಹೊಸೆದ ದಾರವನ್ನು ಮತ್ತೆ ಸೆರಗಿನ ತುದಿಗೆ ಕಟ್ಟಿಕೊಂಡು ಬಸ್ಸು ಹತ್ತಿದಳು. ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಮಾಂಬಳ್ಳಿಗೆ ಹೋದೆ. ಕೂಸಿನ ಸೊಂಟದಲ್ಲಿ ಬಜೆ ಬೇರಿನ ತುಂಡು ಪೋಣಿಸಿದ ಕರಿದಾರವಿತ್ತು. ತೊಟ್ಟಿಲ ಹತ್ತಿರ ಬಂದ ಮುದುಕಿಯೊಬ್ಬಳು ದಾರ ಮುಟ್ಟಿ ನೋಡಿ, "ಎಲ್ಲವ್ವ ನಿಮ್ಮ ಮನೆ ಕಾಸು?" ಎಂದಳು. "ತೊಳ್ಯಕ್ಕೆ ಕೊಟ್ಟಿವ್ನಿ ಕಣಜ್ಜಿ" ಎಂದಳು ಅಕ್ಕ, ನನ್ನ ಕಡೆ ನೋಡದೆ. ಜನರೆಲ್ಲ ಪಾಯಸ ಉಣ್ಣುತ್ತಿದ್ದರು. ನಾನು ಕೈ ತೊಳೆದು ಎದ್ದೆ.

ಪಟ್ಟಿ ಮುಗಿಸಲೇಬೇಕಿತ್ತು. 'ಎಲ್ಲಿಂದ ಬಂದದ್ದು' ಎಂಬಲ್ಲಿ ಆ ಏಳಕ್ಕೂ ಸೇರಿಸಿ, 'ಒಂದು ನಮ್ಮ ಮನೆಯದು, ಯಾವುದೆಂದು ಗೊತ್ತಿಲ್ಲ. ಉಳಿದವು ಯಾರ ಮನೆಯವೋ' ಎಂದು ಬರೆದೆ. ಕಾಲೇಜಿನ ಉಪನ್ಯಾಸಕರು ಫೋನ್ ಮಾಡಿ, "ಸಾರ್, ಹೀಗೆಲ್ಲ ಬರೀಬಾರ್ದು. ಖರೀದಿ ಅಂತ ಹಾಕಿ ಸಾಕು" ಎಂದರು. ನಾನು ಬರೆದದ್ದು ಹಾಗೇ ಇರಲಿ ಎಂದೆ. ಪಟ್ಟಿಯ ಮಿಕ್ಕ ನಾಣ್ಯಗಳಿಗೂ ಆ ಖಾನೆ ತುಂಬಿಸಲು ನನಗೆ ಹೆಚ್ಚೇನೂ ಗೊತ್ತಿರಲಿಲ್ಲ. ಮಾರಿದವರ ಅಂಗಡಿ ನೆನಪಿತ್ತು, ಅದಕ್ಕೂ ಹಿಂದಿನದನ್ನು ಯಾರನ್ನೂ ಕೇಳಿರಲಿಲ್ಲ. ಬೆಟ್ಟದಲ್ಲಿ ನನಗೆ ಕಾಸು ಮಾರುತ್ತಿದ್ದ ಅಂಗಡಿಯ ಅಜ್ಜ ತೀರಿಕೊಂಡಿದ್ದ. ಈಗ ಕೇಳುವುದಾದರೂ ಯಾರನ್ನು?

ಪ್ರದರ್ಶನಕ್ಕೆ ಬಾ ಎಂದು ಅಕ್ಕನಿಗೆ ಹೇಳಿ ಕಳಿಸಿದ್ದೆ. ಬರುವುದಿಲ್ಲವೇನೋ ಎಂದುಕೊಂಡಿದ್ದೆ. ಸೊಸೆ, ಮೊಮ್ಮಗಳ ಜೊತೆ ಬಂದಳು. ಕೂಸನ್ನು ಹೆಗಲಿಗೆ ಹಾಕಿಕೊಂಡು ನೇರ ತೂತು ಕಾಸಿನ ಮೇಜಿನ ಹತ್ತಿರ ಹೋಗಿ ಗಾಜಿನ ಮೇಲೆ ಬಗ್ಗಿದಳು. ಕಾವಲಿಗಿದ್ದ ವಿದ್ಯಾರ್ಥಿನಿ, "ಏನು ಹುಡುಕ್ತಿದ್ದೀರಜ್ಜಿ?" ಎಂದಳು.

"ನಮ್ದೊಂದು ಇದ್ರೊಳಗೆ ಸೇರ್ಕಬುಟ್ಟದೆ ಕಣವ್ವ."

ಅಲ್ಲಿಂದ ಅವಳು ಕದಲುವ ಹೊತ್ತಿಗೆ ಮೈಕಿನಲ್ಲಿ ನನ್ನ ಹೆಸರು ಕೂಗಿದರು. ಪ್ರಾಂಶುಪಾಲರು ಶಾಲು ಹೊದಿಸಿ ಒಂದು ಪ್ರಮಾಣಪತ್ರ ಕೊಟ್ಟರು. ಮೇಲೆ ಕಾಲೇಜಿನ ಮುದ್ರೆ, ನಡುವೆ ದಪ್ಪ ಅಕ್ಷರದಲ್ಲಿ ನನ್ನ ಹೆಸರು, ಕೆಳಗೆ ಅಪ್ಪನ ಹೆಸರು, ಊರು. ವೇದಿಕೆ ಇಳಿದು, ಹೆಸರು, ಊರು ಓದಿ ಹೇಳಿ, ಅದನ್ನು ಅಕ್ಕನ ಕೈಗೆ ಕೊಟ್ಟೆ. ಕೂಸನ್ನು ಸೊಸೆಗೆ ದಾಟಿಸಿ, ಎರಡೂ ಕೈಯಲ್ಲಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದ್ರಲ್ಲಿ ಎಸ್ರಾದ್ರೂ ಅದೆ, ನಮ್ದೇ ಅಂತ ಗೊತ್ತಾಯ್ತದೆ. ಒಂದು ತೂತ ಒಡ್ದು ಕೊಡು ಕಣ್ಲಾ, ಕೂಸಿನ ಸೊಂಟಕ್ಕೆ ಕಟ್ತೀನಿ."