ಯಾರೂ ಕೂರದ ಎಲೆ

ಬಸವನಗುಡಿಯ ಆ ಮನೆಯ ಹಜಾರದಲ್ಲಿ ಗೋಡೆ ತುಂಬ ಜನ ಊಟ ಮಾಡುತ್ತಿದ್ದರು. ಮಹಡಿಯ ಕೋಣೆಯನ್ನು ಬಾಡಿಗೆಗೆ ಕೇಳಲು ಬಂದ ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಎಲ್ಲವೂ ಕಪ್ಪು-ಬಿಳುಪು ಫೋಟೊಗಳು. ಎಲ್ಲದರಲ್ಲೂ ಬಾಳೆಎಲೆಯ ಪಂಕ್ತಿ. ಉಣ್ಣುವವರ ಫೋಟೊ ತೆಗೆದರೆ ದೃಷ್ಟಿ ತಾಗುತ್ತದೆ ಎನ್ನುವ ಮನೆಯವಳು ನಾನು. ಬಾಗಲಕೋಟೆಯಲ್ಲಿ ನನ್ನ ಅವ್ವ ಉಣ್ಣುವವರನ್ನು ದಿಟ್ಟಿಸಿ ನೋಡಲೂ ಬಿಡುವುದಿಲ್ಲ.

ಅದಕ್ಕಿಂತ ವಿಚಿತ್ರವೆಂದರೆ, ಅಷ್ಟೊಂದು ಊಟಗಳ ಕೆಳಗೆ ಮನೆಯೊಡತಿ ವಿಶಾಲಾಕ್ಷಮ್ಮ ಒಬ್ಬರೇ ಕೂತು ಉಣ್ಣುತ್ತಿದ್ದುದು. ಕೋಣೆ ಸಿಕ್ಕಿ ಮಹಡಿಗೆ ಬಂದ ಮೇಲೆ, ಅಲ್ಲಿ ನಾನೂ ಒಬ್ಬಳೇ. ನಮ್ಮಲ್ಲಿ ‘ಊಟ ಆತೇನು?’ ಎಂದರೆ ಬಾ, ಕೂಡು ಎಂದರ್ಥ. ಇಲ್ಲಿ ಗೇಟಿನ ಬಳಿ ‘ಊಟ ಆಯ್ತಾ?’ ಎಂದು ಕೇಳಿ, ಉತ್ತರಕ್ಕೆ ಮೊದಲೇ ದಾಟಿ ಹೋಗುತ್ತಾರೆ. ಆ ಹಜಾರದಲ್ಲಿ ಕೂತು ಅವರೊಂದಿಗೆ ಉಣ್ಣಬೇಕೆಂಬ ಆಸೆ ಬಲಿಯುತ್ತ ಹೋಯಿತು. ಕೇಳುವ ಧೈರ್ಯವಿರಲಿಲ್ಲ.

ಕೊನೆಗೆ ಫೋಟೊಗಳ ಬಗ್ಗೆ ಕೇಳಿದೆ. ಪ್ರತಿಯೊಂದರಲ್ಲೂ ಒಂದು ಎಲೆಗೆ ಬಡಿಸಿತ್ತು, ಆದರೆ ಅದರ ಮುಂದೆ ಯಾರೂ ಕೂತಿರಲಿಲ್ಲ.

“ಅದು ನಮ್ಮ ಯಜಮಾನ್ರದು. ಫೋಟೊ ತೆಗೀತಿದ್ದೋರು ಅವರೇ ಅಲ್ವಾ? ಅವರು ಬಂದು ಕೂರೋ ತನಕ ಯಾರೂ ಕೈ ಹಾಕೋ ಹಾಗಿಲ್ಲ. ಸಾರೆಲ್ಲ ತಣ್ಣಗಾಗೋದು.”

ಅವರು ತೀರಿಹೋದ ಮೇಲೆ ಆ ಹಜಾರದಲ್ಲಿ ಪಂಕ್ತಿಗೆ ಎಲೆ ಹಾಕಿಯೇ ಇಲ್ಲವಂತೆ.

“ರೊಟ್ಟಿ ನಾ ಬಡೀತೀನಿ, ಸಾರು ನೀವು ಮಾಡ್ರಿ,” ಎಂದೆ. ಆ ಮಾತು ನನ್ನ ಬಾಯಿಂದಲೇ ಬಂತೆಂದು ಈಗಲೂ ನಂಬಲಾಗದು.

ಅವರೆಕಾಯಿಯ ಕಾಲ. ಭಾನುವಾರ ಹಿತಕಿದಬೇಳೆ ಸಾರೆಂದಾಯಿತು: ನೆನೆಸಿದ ಕಾಳನ್ನು ಒಂದೊಂದಾಗಿ ಬೆರಳಲ್ಲಿ ಅಮುಕಿ ಸಿಪ್ಪೆ ಕಳಚಬೇಕು. ಇಬ್ಬರೂ ಕೂತು ಹಿತಕಿದೆವು. ನಾನು ರೊಟ್ಟಿ ಬಡಿಯತೊಡಗಿದಾಗ ಪಕ್ಕದ ಮನೆಯಲ್ಲಿದ್ದ ಅವರ ನಾದಿನಿ ಕಾಂಪೌಂಡಿನಾಚೆಯಿಂದ ಇಣುಕಿದರು.

“ಏನ್ ಅತ್ಗೆ, ಗೋಡೆ ಒಡಿಸ್ತಿದೀರಾ?”

“ಊಟಕ್ಕೆ ಕರೀತಿದೀನಿ. ಎಲ್ರನ್ನೂ ಕರ್ಕೊಂಡ್ ಬಾ.”

ಬಂದರು. ನಾದಿದ ಹಿಟ್ಟು ಸಾಲದೆ ಮತ್ತೆ ನಾದಿದೆ. ಪದವಿ ಪಡೆದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಎಲ್ಲರೂ ಕೂತ ಮೇಲೆ ವಿಶಾಲಾಕ್ಷಮ್ಮ ನನ್ನನ್ನು ತಡೆದರು.

“ನೀನೇ ಒಂದ್ ಫೋಟೊ ತೆಗಿ. ನಿನ್ನೆಲೆಗೆ ಬಡ್ಸಿದೀನಿ.”

ನಾನು ಬಂದು ಕೂರುವವರೆಗೆ ಯಾರೂ ಕೈ ಹಾಕಲಿಲ್ಲ.

ಅವ್ವ ಬೈಯುತ್ತಾಳೆಂದು ಅಂಜುತ್ತಲೇ ಆ ಫೋಟೊ ಕಳಿಸಿದೆ. ಫೋನು ಬಂತು: “ಎಲ್ಲಾರೂ ಅದಾರ. ನೀ ಎಲ್ಲಿದ್ದಿ?”

“ಯಾರೂ ಕೂಡದ ಎಲಿ ಐತಲ್ಲ ಅವ್ವ, ಅದು ನಂದು.”

ಮರುದಿನ ಅವ್ವನಿಂದಲೂ ಒಂದು ಫೋಟೊ ಬಂತು. ದೃಷ್ಟಿಯ ಮಾತೇ ಇಲ್ಲ. ಅಪ್ಪ, ತಮ್ಮ ಉಣ್ಣಲು ಕೂತಿದ್ದಾರೆ. ಪಕ್ಕದಲ್ಲಿ ಯಾರೂ ಕೂರದ ಎರಡು ತಾಟು. ಒಂದು, ಫೋಟೊ ತೆಗೆದ ಅವ್ವನದು. ಇನ್ನೊಂದರಲ್ಲಿ ನನಗೆ ಸೇರುವ ಶೇಂಗಾ ಚಟ್ನಿ.

ಅದನ್ನೇ ನೋಡುತ್ತಿದ್ದಾಗ ಕೆಳಗಿನಿಂದ ಕೂಗು ಬಂತು: “ಊಟ ಆಯ್ತಾ?” ವಿಶಾಲಾಕ್ಷಮ್ಮ ಮೆಟ್ಟಿಲ ಬುಡದಲ್ಲಿ ಉತ್ತರಕ್ಕೆ ಕಾಯುತ್ತ ನಿಂತಿದ್ದರು.