ಮೈದುನನ ದೋಣಿಗೆ ಕೊಟ್ಟ ಕವೆಗೋಲು

ಹೋದ ಸೋಮವಾರ ಹಿತ್ತಲಿನ ಹಂಡೆ ಒಲೆಯಿಂದ ಸೈಕಲ್ ಟ್ಯೂಬು ಸುಟ್ಟ ವಾಸನೆ ಬಂತು. ಸೊಸೆ ಸ್ನಾನದ ನೀರಿಗೆ ಉರಿ ಹಾಕಿದ್ದಳು. ಹೋಗಿ ನೋಡಿದರೆ ಒಲೆಯ ಬಾಯಲ್ಲಿ ನಮ್ಮ ಹಳೇ ಗಾಡಿಯ ಕವೆಗೋಲು. ಈಚೆಗೆ ಎಳೆದು ಒಂದು ಚೊಂಬು ನೀರು ಸುರಿದೆ.

“ಗಾಡೀನೇ ಮಾರಿ ಎಷ್ಟೋ ವರ್ಷ ಆಯ್ತು. ಈ ಕೋಲಿಟ್ಕೊಂಡು ಏನ್ ಮಾಡ್ತೀಯಾ ಅತ್ತೆ?” ಅಂದಳು.

ನಾನು ಕೋಲನ್ನು ಗೋಡೆಗೆ ಒರಗಿಸಿದೆ.

ಕವೆಗೋಲು ಅಂದರೆ ತುದಿಯಲ್ಲಿ ಎರಡು ಕವಲೊಡೆದ ಗಟ್ಟಿ ಕೋಲು. ಎತ್ತು ಬಿಚ್ಚಿದ ಮೇಲೆ ಗಾಡಿಯ ನೊಗ ಕಟ್ಟುವ ಮೂಕಿ ನೆಲಕ್ಕೆ ಬೀಳದ ಹಾಗೆ ಕೆಳಗೆ ಆನಿಸಿ ಕೊಡುವುದು. ನಮ್ಮ ಕೋಲಿನ ಕವಲಿಗೆ ಸೈಕಲ್ ಟ್ಯೂಬು ಸುತ್ತಿತ್ತು. ಸುತ್ತಿದ್ದು ನನ್ನ ಮೈದುನ.

ಸ್ವಂತ ಮೈದುನ ಅಲ್ಲ. ಎದುರುಮನೆಯವನು, ನನ್ನ ಗಂಡನ ದಾಯಾದಿ. ಮೀಸೆ ಬರುವ ವಯಸ್ಸಿಗೆ ಹಡಗಿನ ಕೆಲಸಕ್ಕೆ ಹೋದವನು ತಲೆ ನರೆತ ಮೇಲೆ ಊರಿಗೆ ಬಂದ. ಹಡಗು ಅಂದರೂ ನಮ್ಮೂರಿಗೆ ಅವನು ಮಿಲ್ಟ್ರಿಯೇ. ಹೆಂಡತಿ ತೀರಿಹೋಗಿದ್ದಳು. ಲಕ್ವ ಹೊಡೆದು ಬಲಗೈ ಅರ್ಧ ಸತ್ತಿತ್ತು. ತಟ್ಟೆ ಹಿಡಿಯುವುದಕ್ಕೆ ಆಗುತ್ತಿತ್ತು, ಗಂಟು ಹಾಕುವುದಕ್ಕೆ ಆಗುತ್ತಿರಲಿಲ್ಲ.

ಎಷ್ಟೋ ವರ್ಷ ಬರೀ ಜಾಲಿ ಬೆಳೆದಿದ್ದ ಕೆರೆ ಒಂದು ಮಳೆಗಾಲದಲ್ಲಿ ಕೋಡಿ ಬಿತ್ತು. ಊರೆಲ್ಲ ಬಾಗಿನ ಕೊಡುವ ಮಾತಾಡುತ್ತಿದ್ದರೆ ಇವನು ಬಡಗಿಯನ್ನು ಹಿಡಿದು ದೋಣಿ ಮಾಡಿಸಲು ಕೂತ. ಹೊಸಕೋಟೆಯಲ್ಲಿ ಕಟ್ಟಡದವರ ಹತ್ತಿರ ಸರ್ವೆ ಮರದ ಎರಡು ಉದ್ದನೆ ಗಳು ತಂದ. ನೀಲಿ ಟಾರ್ಪಾಲು ಕತ್ತರಿಸಿ ದೋಣಿಗೆ ಹಾಯಿಪಟ ಹೊಲಿಸಿದ. ಏರಿ ಮೇಲೆ ಜನ ನಿಂತು ನೋಡಿದರು.

“ಏನ್ ಮಿಲ್ಟ್ರಿ, ಹಿಂಗೇ ಸಿಂಗಾಪುರಕ್ಕಾ?” ಅಂತ ಒಬ್ಬ ಕೂಗಿದ.

“ಇಲ್ಲ ಕಣ್ಲಾ, ನಿಮ್ಮತ್ತೆ ಮನೆಗೆ. ನಿಂಗೆ ಹೆಣ್ ಕೊಟ್ಟು ಸುಖವಾಗವ್ರಾ ಅಂತ ಕೇಳ್ಕೊಂಡ್ ಬರಕ್ಕೆ.”

ಅವನಿಗೆ ಇದ್ದದ್ದು ಒಂದೇ ಆಸೆ. ಕೆರೆ ಮತ್ತೆ ಬತ್ತುವುದರೊಳಗೆ ಒಂದು ಸಲ ಪಟ ಕಟ್ಟಿಕೊಂಡು ಆಚೆ ದಡ ಮುಟ್ಟಿ ಬರಬೇಕು.

ಒಂದು ಗಳು ನೆಟ್ಟಗೆ ನಿಲ್ಲುತ್ತಿತ್ತು. ಇನ್ನೊಂದು ಪಟದ ಬುಡಕ್ಕೆ ಅಡ್ಡಡ್ಡ. ಅದನ್ನು ಅವನು ಬೂಮು ಅನ್ನುತ್ತಿದ್ದ. ಪಟ ಏರಿದ್ದರೆ ಅದು ಪಟದ ಜೊತೆ ತಾನೂ ಮೇಲಿರುತ್ತದೆ. ಪಟ ಇಳಿಸಿದ ಕೂಡಲೇ ದಪ್ಪನೆ ಕೆಳಗೆ ಬೀಳುತ್ತದೆ. ದೊಡ್ಡ ದೋಣಿಗಳಲ್ಲಿ ಕಂಬದ ತುದಿಯಿಂದ ಹಗ್ಗ ಬಂದು ಅದನ್ನು ಹಿಡಿದಿರುತ್ತದಂತೆ. ಇವನ ಕಂಬ ಆ ಭಾರಕ್ಕೆ ಬಾಗುತ್ತಿತ್ತು. ಹಾಗಾಗಿ ಯಾರಾದರೂ ಹಿಡಿಯಬೇಕು. ಏರಿ ಮೇಲೆ ಎಮ್ಮೆ ಮೇಯಿಸುತ್ತಿದ್ದವಳು ನಾನು.

“ಅತ್ಗೆ, ಒಸಿ ಬಂದು ಹೆಗಲು ಕೊಡು” ಅಂದ ಮೊದಲ ದಿನ. ಸೀರೆ ಎತ್ತಿ ಕಟ್ಟಿ ನೀರಿಗಿಳಿದೆ. ಒದ್ದೆ ಟಾರ್ಪಾಲಿನ ಭಾರ ಸೇರಿ ಆ ಗಳು ಹೆಗಲನ್ನು ಕೊರೆಯುತ್ತಿತ್ತು. ಅವನು ಇಳಿದ ಪಟವನ್ನು ಅದಕ್ಕೆ ಸೇರಿಸಿ ಎಡಗೈಯಲ್ಲಿ ಹಗ್ಗ ಸುತ್ತಿ, ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಬಿಗಿಯುತ್ತಿದ್ದ.

“ಬೇಗ ಕಟ್ಟಪ್ಪ, ನನ್ನ ಹೆಗಲೇನ್ ಕಲ್ಲಾ?”

“ಬಾಯಲ್ಲಿ ಹಗ್ಗ ಅದೆ, ನಗಿಸ್ಬೇಡ ಸುಮ್ನಿರು.”

ಹೀಗೆ ದಡದ ಹತ್ತಿರವೇ ಪಟ ಏರಿಸಿ ಇಳಿಸಿ ನೋಡುವುದು ಸುಮಾರು ದಿನ ನಡೆಯಿತು…

ಒಂದು ದಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಮ್ಮ ಬೀದಿಯವಳೊಬ್ಬಳು, “ಏನಕ್ಕ, ಮಿಲ್ಟ್ರಿ ದೋಣಿಗೆ ನೀನೇ ಆಸ್ರೆ ಅಂತೆ? ಮನೆಗೂ ಹೋಗಿ ನಿಂತ್ಕೊ, ಪಾಪ ಒಂಟಿ ಜೀವ” ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಮುಖ ಉರಿಯಿತು. ಯಾರೂ ನನ್ನನ್ನು ತಡೆಯಲಿಲ್ಲ, ಮಗ ಒಂದು ಮಾತೂ ಆಡಲಿಲ್ಲ. ಅರವತ್ತು ದಾಟಿದ ವಿಧವೆಗೆ ಅದೆಂಥ ನಾಚಿಕೆಯೋ.

ಮಾರನೇ ದಿನ ಕವೆಗೋಲು ತೆಗೆದುಕೊಂಡು ಹೋಗಿ ಅವನ ಮುಂದೆ ಹಾಕಿದೆ.

“ತಗೊ. ಇನ್ಮೇಲೆ ನನ್ನ ಕರೀಬೇಡ. ಇದನ್ನ ಕೆಳಗೆ ಕೊಟ್ರೆ ಗಳು ನಿಂತ್ಕೊಳ್ತದೆ.”

ಅವನು ತಿರುಗಿಸಿ ನೋಡಿದ. “ಗಾಡಿ ನೆಲದ ಮೇಲಿರ್ತದೆ ಅತ್ಗೆ. ದೋಣಿ ಅಲುಗಾಡ್ತದೆ. ಗಳೂವೆ ಇದೂವೆ ಸೇರಿಸಿ ಬಿಗೀಬೇಕು.”

“ಬಿಗಿ.”

“ಒಬ್ರು ಹಿಡ್ಕೊಂಡ್ರೆ ತಾನೆ ಬಿಗಿಯೋದು?”

“ಹಡಗು ನಡೆಸಿದೋನು, ಇಷ್ಟ್ ಆಗಲ್ವಾ ನಿಂಗೆ?”

ಅವನು ಹಳೇ ಸೈಕಲ್ ಟ್ಯೂಬು ಹುಡುಕಿ ತಂದ. ಗಳು ಜಾರದಿರಲಿ ಅಂತ ಕವಲಿಗೆ ಟ್ಯೂಬು ಸುತ್ತಿಕೊಂಡ.

ಮರುವರ್ಷದ ಆಷಾಢದ ಗಾಳಿ ಎದ್ದಿತು. ಒಂದು ಬೆಳಿಗ್ಗೆ ಬಾಗಿಲಿಗೆ ಬಂದ. “ಅತ್ಗೆ, ಇವತ್ತು ಗಾಳಿ ಸರಿಯಾಗದೆ. ಆಚೆ ದಡದಲ್ಲಿ ನೇರಳೆ ಹಣ್ಣಾಗದೆ, ತರ್ತೀನಿ. ನಾನು ಬರೋ ಹೊತ್ಗೆ ಒಂದ್ಗಳಿಗೆ ಕೆರೆ ತಾವ ಬರ್ತೀಯಾ?”

ನಾನು ಜಗಲಿಯಲ್ಲಿ ಕೂತು ರಾಗಿ ಕೇರುತ್ತಿದ್ದೆ. “ಎಮ್ಮೆ ಹಿಂಡ್ಬೇಕು” ಅಂದೆ.

ತುಂಬಿದ ಹಾಲಿನ ಕ್ಯಾನು ನನ್ನ ಪಕ್ಕದಲ್ಲೇ ಇತ್ತು. ಅವನು ಅದನ್ನು ನೋಡಿದ. “ಆಗ್ಲಿ ಬಿಡು” ಅಂದು ಹೋದ.

ಮಧ್ಯಾಹ್ನಕ್ಕೆ ಮುಂಚೆ ಕುರಿಯವನು ಕೂಗಿಕೊಂಡು ಬಂದ. ಹೋಗಿ ನೋಡಿದೆ. ದೋಣಿ ನಮ್ಮ ದಡಕ್ಕೆ ಬಂದು ನಿಂತಿತ್ತು. ಪಟ ಇಳಿದಿತ್ತು. ಗಳು ಕವೆಯಿಂದ ಜಾರಿ ಬಿದ್ದಿತ್ತು. ಅವನ ಕಿವಿಯ ಮೇಲೆ ಬಾತಿತ್ತು. ದೋಣಿ ಪಕ್ಕದ ನೀರಲ್ಲಿ ಬೋರಲು ಬಿದ್ದಿದ್ದ. ಮೊಣಕಾಲುದ್ದ ನೀರು… ಸಮುದ್ರ ನೋಡಿದವನಿಗೆ.

ದೋಣಿಯೊಳಗೆ ಟವಲಿನ ಗಂಟಿತ್ತು. ಬಿಚ್ಚಿದರೆ ನೇರಳೆ ಹಣ್ಣು. ಆಚೆ ದಡ ಮುಟ್ಟಿ ಬಂದಿದ್ದ. ಯಾರೋ ಹಣ್ಣನ್ನು ಮಣ್ಣಿಗೆ ಸುರಿದು, ಕಲೆಯಾದ ಅದೇ ಟವಲನ್ನು ಅವನ ಮುಖಕ್ಕೆ ಮುಚ್ಚಿದರು.

“ಲಕ್ವದೋನಿಗೆ ಇದೆಲ್ಲ ಯಾಕ್ ಬೇಕಿತ್ತು” ಅಂದರು ಜನ. ನಾನೂ ಹಾಗೇ ಅಂದೆ. ಅವನು ಬಾಗಿಲಿಗೆ ಬಂದು ಕರೆದದ್ದನ್ನು ಯಾರಿಗೂ ಹೇಳಲಿಲ್ಲ. ಜನ ಚದುರಿದ ಮೇಲೆ ಕವೆಗೋಲು ಎತ್ತಿಕೊಂಡು ಬಂದು ಗಾಡಿ ಚಪ್ಪರದ ಮೂಲೆಗೆ ತೂರಿಸಿದೆ. ದೋಣಿಯಲ್ಲಿ ಅವನ ಅಣ್ಣನ ಮಕ್ಕಳು ಈಗ ದನಕ್ಕೆ ಬೂಸ ಕಲಸುತ್ತಾರೆ. ಕೆರೆಯಲ್ಲಿ ಜೊಂಡು ಬೆಳೆದಿದೆ.

ಒಲೆಯಿಂದ ಎಳೆದ ಕೋಲಿನ ಬೂದಿ ಒರೆಸಿದೆ. ಟ್ಯೂಬು ಒಂದು ಕಡೆ ಕರಗಿತ್ತು. ಅದರಿಂದ ಒಂದು ಗೇಣು ಕೆಳಗೆ, ಬೆಂಕಿ ತಾಕದ ಕಡೆ, ಅವನು ಬಿಗಿಯಲು ಹೊರಟಿದ್ದ ನೈಲಾನ್ ಹಗ್ಗ ಹಾಗೇ ಇತ್ತು. ಎರಡು ಸುತ್ತು ಬಂದಿದೆ, ಮೂರನೆಯದು ಬಂದಿಲ್ಲ. ತುದಿ ಚಪ್ಪಟೆಯಾಗಿ ಅಗಿದ ಹಾಗಿದೆ. ಅಷ್ಟು ವರ್ಷ ಅದು ನನ್ನ ಮನೆಯಲ್ಲೇ ಇತ್ತು, ನಾನು ನೋಡಿರಲಿಲ್ಲ… ನೋಡುವುದಕ್ಕೆ ಹೋಗಿರಲಿಲ್ಲ.

“ಒಲೆಗೆ ಹಾಕ್ಲಾ, ಬೇಡ್ವಾ?” ಅಂತ ಸೊಸೆ ಮತ್ತೆ ಕೇಳಿದಳು.

“ಬೇಡ.”

“ಯಾಕೆ?”

“ಅವತ್ತು ಎಮ್ಮೆ ಹಿಂಡಿ ಆಗಿತ್ತು ಕಣೆ” ಅಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ನೀರು ಕಾದಿದೆ ಅಂತ ಬಚ್ಚಲಿಗೆ ಹೋದಳು.