ಕೆಳಮನೆಯ ಅಜ್ಜ ಕೇಳಿದ ಸೂಪು

ಬಾಗಿಲು ತೆರೆದರೆ ಕೆಳಮನೆಯ ಅಜ್ಜಿ ಖಾಲಿ ಬಟ್ಟಲು ಹಿಡಿದು ನಿಂತಿದ್ದರು. ಹರಿಹರದ ಈ ಮನೆಗೆ ನಾವು ಬಂದು ವರ್ಷವಾದರೂ ಅವರು ಒಮ್ಮೆಯೂ ನಕ್ಕು ಮಾತಾಡಿಸಿರಲಿಲ್ಲ.

“ನಮ್ಮನೆಯವ್ರು ಆಸ್ಪತ್ರೆಯಿಂದ ಬಂದಾಗಿಂದ ಏನೂ ಬ್ಯಾಡ ಅಂತಿದ್ರವ್ವ. ಈಗ ನಿಮ್ಮನಿ ಸೂಪಿನ ಘಮಕ್ಕೆ ಎದ್ದು ಕುಂತಾರೆ. ಒಂಚೂರು ಕೊಡ್ತೀಯೇನು?”

ಸಿಹಿಗುಂಬಳ, ಹೆಸರುಬೇಳೆ ಬೇಯಿಸಿ ಮಾಡಿದ ಸೂಪು ಅದು. ನನ್ನ ಮಕ್ಕಳಿಬ್ಬರೂ ಆಗಷ್ಟೇ ಮೂಗು ಮುರಿದಿದ್ದರು. ಬಟ್ಟಲು ತುಂಬಿಸಿ ನಾನೇ ಕೆಳಗೆ ಒಯ್ದೆ. ಮಕ್ಕಳೂ ಹಿಂದೆಯೇ ಬಂದರು. ಅಜ್ಜ ಚಮಚ ಪಕ್ಕಕ್ಕಿಟ್ಟು, ಬಟ್ಟಲನ್ನೇ ಎತ್ತಿ ಕುಡಿದು, ಇನ್ನಷ್ಟು ಕೇಳಿದರು. ನಾನು ತರಲು ಹೊರಟರೆ ಮಗಳು ಸೆರಗು ಜಗ್ಗಿದಳು: “ಅಮ್ಮಾ, ಎಲ್ಲಾ ಕೊಡಬ್ಯಾಡ. ನಂಗೂ ಬೇಕು.”

ಅಜ್ಜ ಈಗ ಓಡಾಡುತ್ತಿದ್ದಾರೆ. ಸೂಪಿನ ದಿನ ಮಕ್ಕಳು ಅವರ ಪಕ್ಕವೇ ಕೂತು ಕುಡಿಯುತ್ತಾರೆ. ನನಗಂತೂ ಮೆಟ್ಟಿಲಿಳಿದರೆ ತವರುಮನೆ.